200 ಗಂಟೆಯ ಬಡ್ಡಿ

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, ಅಂದರೆ ಸಿಪಿಎಲ್‌ಗೆ, 200 ಗಂಟೆ ಹಾರಬೇಕು, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ. ಇದಕ್ಕೆ ಎಷ್ಟು ಲಕ್ಷ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ತಿಂಗಳು ಎಂದು ಕೇಳುವವರು ಕಡಿಮೆ. ಮಗಳ ತರಬೇತಿಗೆಂದು ಧಾರವಾಡದ ಮನೆ ಒತ್ತೆ ಇಟ್ಟು 50 ಲಕ್ಷ ಶಿಕ್ಷಣ ಸಾಲ ಎತ್ತಿದ ನನಗಂತೂ ತಿಂಗಳಿನದ್ದೇ ಲೆಕ್ಕ.

ಸಹಿ ಹಾಕುವಾಗ ಬ್ಯಾಂಕ್ ಮ್ಯಾನೇಜರು, "ಬಡ್ಡಿ ಈಗ್ಯಾಕ ಕಟ್ತೀರಿ ಸರ? ಮೊರಟೋರಿಯಂ ಅದ ಅಲ್ರೀ, ಮಗಳು ದುಡ್ಯಾಕ ಹತ್ತಿದ ಮ್ಯಾಲ ನೋಡೂಣಂತ" ಎಂದರು. ನನ್ನ ಹೆಂಡತಿ ಮಾತಾಡಲಿಲ್ಲ. ಫಾರ್ಮಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ನನ್ನ ಮುಂದೆ ಸರಿಸಿದಳು.

ಶೇ 11ರ ಬಡ್ಡಿ. ಕೋರ್ಸು ಎರಡು ವರ್ಷ, ಮೇಲೊಂದು ವರ್ಷ ಸೇರಿ ಮೊರಟೋರಿಯಂ ಮೂರು ವರ್ಷ. ಸರಳ ಬಡ್ಡಿಯೇ 16.5 ಲಕ್ಷ, ಅದು ಅಸಲಿಗೆ ಕೂಡಿ 66.5 ಲಕ್ಷ. ಹತ್ತು ವರ್ಷಕ್ಕೆ ಇಎಂಐ ಸುಮಾರು 91,600. ಕೊನೆಗೆ ಕಟ್ಟುವುದು 1 ಕೋಟಿ 10 ಲಕ್ಷ. ಅದೇ ಬಡ್ಡಿಯನ್ನು ತಿಂಗಳಿಗೆ 45,833ರಂತೆ ಮೊದಲ ದಿನದಿಂದ ತೀರಿಸಿದರೆ ಅಸಲು 50 ಲಕ್ಷದಲ್ಲೇ ನಿಲ್ಲುತ್ತದೆ, ಇಎಂಐ 68,900ರ ಒಳಗೆ, ಒಟ್ಟು 99 ಲಕ್ಷ ಚಿಲ್ಲರೆ. ಕಂತುಕಂತಾಗಿ ಹಣ ಬಿಡುಗಡೆಯಾದರೆ ಎರಡೂ ಅಂಕಿ ತುಸು ಇಳಿಯುತ್ತವೆ, ಆದರೆ ಅಂತರ ಉಳಿಯುತ್ತದೆ. ಹತ್ತೂಮುಕ್ಕಾಲು ಲಕ್ಷಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ತಿಂಗಳ ಇಎಂಐಯಲ್ಲಿ ಕಡಿಮೆಯಾಗುವ ಆ 22 ಸಾವಿರ ಚಿಲ್ಲರೆ. ಸಿಪಿಎಲ್ ಕೈಗೆ ಬಂದರೂ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್‌ಗೆ ಮತ್ತೆ ಹತ್ತು–ಹದಿನೈದು ಲಕ್ಷ ಬೇಕು, ಕೆಲಸ ಮರುದಿನವೇ ಸಿಗುವುದೂ ಇಲ್ಲ.

ಬಡ್ಡಿ ಕಟ್ಟಲು ಎಸ್ಐಪಿ ನಿಲ್ಲಿಸಿದೆವು. ಕಾರು ಬದಲಿಸುವ ಮಾತು ಬಿಟ್ಟೆವು. ಶಿಕ್ಷಣ ಸಾಲದ ಬಡ್ಡಿಗಿದ್ದ 80ಇ ಕಡಿತಕ್ಕಾಗಿ ನಾನು ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದೆ, ಹೊಸದರಲ್ಲಿ ಅದಿಲ್ಲ. ಮೊದಲೇ ಬಡ್ಡಿ ಕಟ್ಟಿದ್ದು ದುಬಾರಿ ನಿರ್ಧಾರವೇ, ಇಂದು ಕೇಳಿದರೂ ಅದನ್ನೇ ಮಾಡುತ್ತೇನೆ.

ಲೆಕ್ಕದಲ್ಲಿ ಇಲ್ಲದ್ದು ಕಾಯುವಿಕೆ. ಮಳೆಗಾಲ, ರಿಪೇರಿಗೆ ನಿಂತ ವಿಮಾನ, ರಜೆಯ ಮೇಲಿದ್ದ ಇನ್‌ಸ್ಟ್ರಕ್ಟರ್: ಮಗಳು ನೆಲದ ಮೇಲೆ ಕೂತ ಪ್ರತಿ ತಿಂಗಳೂ 45,833. ಎತ್ತು ಕೊಳ್ಳುವಾಗ ಹಲ್ಲು ನೋಡುವ ಜನ ನಾವು. ಹಾರಾಟ ಶಾಲೆಗೆ ಹೋದಾಗ ಮಾತ್ರ ಇವತ್ತು ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಮಕ್ಕಳು ಎಂದು ಕೇಳಲು ಸಂಕೋಚ. ಶಾಲೆಗಳೇನೋ ರಾಜ್ಯದಲ್ಲೇ ಇವೆ: ಬೆಂಗಳೂರಿನ ಜಕ್ಕೂರಿನದು ಸರ್ಕಾರದ್ದೇ, ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ಇದೆ. ವಿಮಾನಯಾನ ನಿಯಂತ್ರಕ ಡಿಜಿಸಿಎ 2025ರಿಂದ ಶಾಲೆಗಳಿಗೆ ದರ್ಜೆಯನ್ನೂ ಕೊಡುತ್ತಿದೆ, ಅದನ್ನು ನೋಡಿ. ಅದಕ್ಕೂ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್ ಮುಗಿಸಿ. ಫಿಟ್ ಎಂದು ಬರುವ ತನಕ ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಡಿಜಿಸಿಎ ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ನಂಬರ್ ಮಾಡಿಸಿ, ಸಾಲ ಎತ್ತುವ ಮೊದಲೇ ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್ಸ್ ಪೇಪರುಗಳನ್ನು ಮನೆಯಲ್ಲಿ ಕೂತು ಓದಿ ಪಾಸು ಮಾಡಬಹುದು. ಆ ತಿಂಗಳುಗಳಿಗೆ ಬಡ್ಡಿಯಿಲ್ಲ.

ಇನ್ನು ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ ಮೊನ್ನೆ ಫೋನ್ ಮಾಡಿದ್ದಳು. ಅವಳ ಮಗಳಿಗೆ ಏರ್ ಹೋಸ್ಟೆಸ್ ಡಿಪ್ಲೊಮಾ ಮಾಡಿಸಬೇಕಂತೆ, ಒಂದೂವರೆ ಲಕ್ಷ. "ಅಣ್ಣಾ, ಸರ್ಟಿಫಿಕೇಟ್ ಇಲ್ಲಂದ್ರ ತಗೋಳಂಗಿಲ್ಲಂತ." ಯಾರು ಹೇಳಿದ್ದು? ಡಿಪ್ಲೊಮಾ ಮಾರುವವರೇ! ನಮ್ಮ ದೇಶದಲ್ಲಿ ಕ್ಯಾಬಿನ್ ಕ್ರೂಗೆ ಪೈಲಟ್ಟಿನಂಥ ಲೈಸೆನ್ಸೇ ಇಲ್ಲ. ಕೆಲಸಕ್ಕೆ ತೆಗೆದುಕೊಂಡ ಏರ್‌ಲೈನೇ ಡಿಜಿಸಿಎ ನಿಯಮದಂತೆ ಸುರಕ್ಷತಾ ತರಬೇತಿ ಕೊಡುತ್ತದೆ. ಹೊರಗಿನ ಡಿಪ್ಲೊಮಾ ತೋರಿಸಿದರೆ ಅದು ತಪ್ಪುವುದಿಲ್ಲ. ಏರ್‌ಲೈನಿನವರು ಕೇಳುವುದು ಪಿಯುಸಿ ಪಾಸು, 18 ತುಂಬಿದ ವಯಸ್ಸು, ಸುಮಾರು 155 ಸೆಂ.ಮೀ. ಎತ್ತರ, ಎತ್ತರಕ್ಕೆ ತಕ್ಕ ತೂಕ, ಇಂಗ್ಲಿಷು–ಹಿಂದಿ. ಡಿಪ್ಲೊಮಾದಲ್ಲಿ ಸಿಗುವುದು ಮೇಕಪ್ಪು, ನಡಿಗೆ, "100% ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಎಂಬ ಬ್ಯಾನರು! ಅಸಿಸ್ಟೆನ್ಸ್ ಎಂದರೆ ನೌಕರಿಯಲ್ಲ, ವಾಟ್ಸ್ಆ್ಯಪ್‌ನಲ್ಲಿ ಒಂದು ಲಿಂಕು.

ಇಂಗ್ಲಿಷ್ ಮಾತಾಡಲು ಹಿಂಜರಿಕೆಯಿದ್ದರೆ ಹುಬ್ಬಳ್ಳಿಯಲ್ಲೇ ಯಾರಾದರೂ ಮೇಷ್ಟ್ರ ಹತ್ತಿರ ಕೆಲವು ಸಾವಿರದಲ್ಲಿ ಆಗುತ್ತದೆ. ಏರ್‌ಲೈನ್ ವೆಬ್‌ಸೈಟಿನಲ್ಲಿ ವಾಕ್-ಇನ್ ದಿನಾಂಕ ನೋಡಿಕೊಂಡು ಮೊದಲು ಒಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗು, ರೈಲು ಚಾರ್ಜಿನಲ್ಲಿ ಉತ್ತರ ಸಿಗುತ್ತದೆ ಎಂದೆ. ಎರಡು ಸಲ ಹೋದರೂ ಆಗದಿದ್ದರೆ ಆ ಒಂದೂವರೆ ಲಕ್ಷ ಬಿ.ಕಾಂ.ಗೆ ಇರಲಿ.