ಹಣ್ಣಿನ ಮರಗಳ ಲೆಕ್ಕ

ಹೈದರಾಬಾದಿನ ಕೊಂಡಾಪುರದಲ್ಲಿ ಕೋಟ್ಲ ವಿಜಯಭಾಸ್ಕರ ರೆಡ್ಡಿ ಸಸ್ಯೋದ್ಯಾನವಿದೆ. ನಮ್ಮ ಪೈಕಿ ಹಲವರಿಗೆ ಅದು ವಾಕಿಂಗಿನ ಜಾಗ ಮಾತ್ರ. ಅಲ್ಲಿ ಔಷಧಿ ಗಿಡ, ಬಿದಿರುಗಳ ಜೊತೆಗೆ ಹಣ್ಣಿನ ಮರಗಳಿಗೂ ಒಂದು ವಿಭಾಗವುಂಟು. ಮರಕ್ಕೆ ಇಷ್ಟು ಜಾಗ ಯಾಕೆ, ಬೀಜ ಕೂಡಿಟ್ಟರೆ ಸಾಲದೆ ಅಂತ ಕಾಮರ್ಸ್ ಓದುವ ನನ್ನಂಥವನು ಕೇಳುವುದು ಸಹಜ.

ಮಿತ್ರರೇ, ಜೋಳ, ತೊಗರಿಯ ಬೀಜವನ್ನು ಒಣಗಿಸಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿಟ್ಟರೆ ಹತ್ತಾರು ವರ್ಷ ಬಾಳುತ್ತದೆ. ನೇರಳೆ, ಮಾವು, ಹಲಸು ಹಾಗಲ್ಲ. ಒಣಗಿದರೆ ಆ ಬೀಜ ಸತ್ತೇ ಹೋಗುತ್ತೆ. ಅವಕ್ಕೆ ನಿಂತ ಮರವೇ ಬ್ಯಾಂಕು. ಮೇಲಾಗಿ ಬೀಜದಿಂದೆದ್ದ ಬಾರಿ ಗಿಡ ತಾಯಿಮರದ ರುಚಿಯನ್ನೇ ಕೊಡುತ್ತದೆಂಬ ಖಾತ್ರಿಯಿಲ್ಲ. ಅದೇ ರುಚಿ ಬೇಕೆಂದರೆ ಕಸಿ ಕಟ್ಟಬೇಕು.

ಹಾಗಂತ ಜಾತಿಗೊಂದು ಮರ ನೆಟ್ಟು ಬೋರ್ಡು ತೂಗಿಸಿದರೆ ಲೆಕ್ಕ ತೀರುವುದಿಲ್ಲ. ಇಲ್ಲಿಯವರು ತುನಿಕಿ ಎನ್ನುವ ತೂಪರೆಯನ್ನೇ ನೋಡಿ. ಸಾಮಾನ್ಯವಾಗಿ ಇದರ ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಒಂಟಿ ಮರ ಎಷ್ಟು ವರ್ಷ ನಿಂತರೂ ಕಾಯಿ ಕಟ್ಟುವ ಭರವಸೆಯಿಲ್ಲ. ಇನ್ನು ತೆಲಂಗಾಣದ ಕಾಡುಗಳಲ್ಲಿ ಬೆಲೆಯಿರುವುದು ಇದರ ಎಲೆಗೆ, ಬೀಡಿ ಸುತ್ತಲು. ಎಳೆಯ ಎಲೆ ಹೆಚ್ಚು ಬರಲೆಂದು ಬೇಸಿಗೆಗೆ ಮುಂಚೆ ಪೊದೆಗಳನ್ನು ಸವರುತ್ತಾರೆ. ಹೀಗೆ ಸವರಿಸಿಕೊಂಡ ಪೊದೆ ಮರವಾಗುವುದೆಂದು, ಹಣ್ಣು ಬಿಡುವುದೆಂದು? ಎಲೆ ಆರಿಸುವವರ ಹೊಟ್ಟೆಪಾಡೂ ಅದರಲ್ಲೇ ಇರುವುದರಿಂದ ಸುಮ್ಮನೆ ಬೈಯುವಂತೆಯೂ ಇಲ್ಲ.

ಖಿರ್ನಿಯದು ಬೇರೆ ಕಥೆ. ಬೇವಿನ ಹಣ್ಣಿನಂತೆ ಕಾಣುವ ಈ ಹಳದಿ ಹಣ್ಣನ್ನು ಕೇಳುವವರು ಕಡಿಮೆ. ಆದರೆ ಸಪೋಟ ಕಸಿಯಲ್ಲಿ ಬೇರಿನ ಗಿಡವಾಗಿ ಬಳಸುವುದು ಇದನ್ನೇ. ಮೇಲಿನವನಿಗೆ ಹೆಸರು, ಕೆಳಗಿನವನಿಗೆ ದುಡಿತ! ಖಿರ್ನಿ ಹೋದರೆ ಸಪೋಟ ತೋಟದವನಿಗೂ ನಷ್ಟ ತಪ್ಪಿದ್ದಲ್ಲ.

ಇಂಥ ಮರ ಉಳಿಸಿದವನಿಗೆ ಏನು ಸಿಗುತ್ತೆ? ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಹೊಲದಲ್ಲಿ ಕೆಂಪು ತೊಳೆಯ ಒಂದು ಹಲಸಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು 'ಸಿದ್ದು' ಎಂಬ ತಳಿಯಾಗಿ ಗುರುತಿಸಿ, 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡಿತು. ಕಸಿ ಸಸಿ ಮಾರಿ ಬಂದ ಹಣದಲ್ಲಿ ಶೇಕಡ 75 ರೈತರಿಗೆ. ನಾನು ಓದಿದ ಪಾಲುದಾರಿಕೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು.

ತುನಿಕಿಗೆ ಈ ಲೆಕ್ಕ ಹೇಗೆ ಹಚ್ಚುವುದು ಎಂಬುದೇ ನನ್ನ ಪ್ರಶ್ನೆ. ಅದು ಬೆಳೆಯುವುದು ಕಾಡಿನಲ್ಲಿ. ಆ 75 ಅನ್ನು ಯಾರ ಹೆಸರಿಗೆ ಬರೆಯೋಣ?