ನೆರೆ ಇಳಿದ ಮೇಲೆ ಮೊದಲು ಮೊಬೈಲ್, ಆಮೇಲೆ ಕುಡುಗೋಲು

ನಮ್ಮ ಬೀಳಗಿ ತಾಲ್ಲೂಕಿಗೆ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ಘಟಪ್ರಭಾ. 2019ರ ಆಗಸ್ಟ್‌ನಲ್ಲಿ ಎರಡೂ ಉಕ್ಕಿದವು. ದನಾ ಹೊಡ್ಕೊಂಡು ಗಂಜಿ ಕೇಂದ್ರಕ್ಕೆ ಹೋದೆವು. ನೀರು ಇಳಿದ ಕೂಡಲೇ ಹೊಲ ಹಸನ ಮಾಡೋಣ ಅಂತ ಕೊಳೆತ ಗೋವಿನಜೋಳ ಕಿತ್ತು ಹಾಕಿದೆ. ಸರ್ವೆಗೆ ಬಂದವರು ಕೇಳಿದ್ರು, "ಬೆಳಿ ಎಲ್ಲೈತಿ?" ತೋರಿಸಲು ಒಂದು ಫೋಟೋನೂ ಇರಲಿಲ್ಲ.

ಅದಕ್ಕೇ ಹೇಳ್ತೀನಿ, ಬದು ಕಾಣುವಂತೆ ಜಿಪಿಎಸ್ ಫೋಟೋ ಮೊದಲು ತೆಗೀರಿ. ವಿಮೆ ಕಟ್ಟಿದ್ರೆ 72 ಗಂಟೆಯೊಳಗೆ ತಿಳಿಸಿ. ಸರ್ಕಾರದ ಪರಿಹಾರಕ್ಕೆ ಕನಿಷ್ಠ ಶೇ 33 ಬೆಳೆಹಾನಿ ಆಗಿರಬೇಕು.

ಕಬ್ಬು ಕಡಿಯಲು ಅವಸರ ಬೇಡ. ಬಸಿಗಾಲುವೆ ತೆಗೆದು ನೀರು ಹೊರಹಾಕಿ, ಅಲ್ಲಲ್ಲಿ ನಾಲ್ಕಾರು ಕಬ್ಬಿನ ತುದಿ ಸೀಳಿ ನೋಡ್ರಿ. ಸುಳಿ ಬೆಳ್ಳಗೆ ಗಟ್ಟಿ ಇದ್ರೆ ಅದು ಬದುಕೈತಿ. ಕಪ್ಪಾಗಿ ನಾರಿದ್ರೆ ಆ ಕಬ್ಬಿನ ಆಸೆ ಬಿಡಿ.