ಉಪಕಾರವೂ ಹಕ್ಕೂ

ಅನ್ನ, ಬಟ್ಟೆ, ಸೂರು, ವಿದ್ಯೆ, ಔಷಧ ಇವು ದೊರೆತ ಮೇಲೆ ಪ್ರಜೆಗೆ ಇನ್ನೇನು ಬೇಕೆಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಒಳ್ಳೆಯ ಅರಸನಿದ್ದರೆ ಸಾಕು, ದಕ್ಷನಾದ ಅಧಿಕಾರಿಯಿದ್ದರೆ ಸಾಕು, ಪ್ರಶ್ನೆ ಕೇಳುವ ಗೊಡವೆ ಏತಕ್ಕೆ ಎಂಬುದು ಅವರ ಭಾವ. ಈ ಮಾತನ್ನು ಲಘುವಾಗಿ ತಳ್ಳಿಹಾಕಲಾಗದು; ಹಸಿದವನಿಗೆ ಅನ್ನವೇ ಮೊದಲು. ಆದರೆ ಕೊಟ್ಟದ್ದನ್ನು ಕೊಟ್ಟವನೇ ಹಿಂದಕ್ಕೆ ತೆಗೆದುಕೊಂಡರೆ ಪ್ರಜೆಯು ಯಾರಲ್ಲಿ ಹೋಗಿ ಕೇಳಬೇಕು? ಕೇಳಲು ಸ್ಥಳವಿಲ್ಲದಿದ್ದರೆ ದೊರೆತದ್ದು ಉಪಕಾರ. ಕೇಳಲು ಸ್ಥಳವೂ, ಕೇಳುವ ಧೈರ್ಯವೂ, ಉತ್ತರ ಕೊಡಲೇಬೇಕಾದ ಅಧಿಕಾರಿಯೂ ಇದ್ದರೆ ಅದು ಹಕ್ಕು. ಉಪಕಾರವು ಹಕ್ಕಾಗಿ ಮಾರ್ಪಡುವುದು ಹೇಗೆ, ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದೇ ಈ ಪಾಠದ ವಿಷಯ.

ಇದಕ್ಕೆ ಎರಡು ದೃಷ್ಟಾಂತಗಳನ್ನು ತೆಗೆದುಕೊಳ್ಳೋಣ. ಒಂದು, ನಮ್ಮ ಹಳೆಯ ಮೈಸೂರು ಸಂಸ್ಥಾನ. ಇನ್ನೊಂದು, 1989ನೆಯ ಇಸವಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಏಕಾಧಿಪತ್ಯವನ್ನು ಕಳಚಿಕೊಂಡ ಪೂರ್ವ ಯೂರೋಪಿನ ದೇಶಗಳು. ಅರಸೊತ್ತಿಗೆಯೂ ಪಕ್ಷದ ಆಳ್ವಿಕೆಯೂ ಒಂದೇ ಜಾತಿಯವಲ್ಲ. ಅವುಗಳ ತತ್ತ್ವವೂ ಕಾಠಿಣ್ಯವೂ ಬೇರೆ ಬೇರೆ. ಆದರೂ ಪ್ರಜೆಯು ಕೇಳತಕ್ಕವನಲ್ಲ, ಪಡೆಯತಕ್ಕವನು ಮಾತ್ರ ಎಂಬ ಒಂದು ಅಂಶವು ಎರಡರಲ್ಲಿಯೂ ಇತ್ತು. ಆ ಅಂಶವೊಂದನ್ನೇ ಇಲ್ಲಿ ಹೋಲಿಸುವುದು ನಮ್ಮ ಉದ್ದೇಶ.

1. ಮೈಸೂರಿನ ದೃಷ್ಟಾಂತ

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತವು ಮುಗಿದು, 1881ನೆಯ ಇಸವಿ ಮಾರ್ಚ್ 25ರಂದು ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಹಿಂದಿರುಗಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಗಿ, ದಸರಾ ಸಮಯದಲ್ಲಿ 144 ಮಂದಿ ಸದಸ್ಯರು ಮೈಸೂರಿನಲ್ಲಿ ಕೂಡಿದರು. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆಯು ಇದೇ ಮೊದಲನೆಯದು. ಆದರೆ ಆ ಸದಸ್ಯರು ದಿವಾನರ ವರದಿಯನ್ನು ಕೇಳಬಹುದಾಗಿತ್ತು, ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳಬಹುದಾಗಿತ್ತು. ತೆರಿಗೆಯನ್ನು ತಡೆಯುವ ಅಧಿಕಾರವಾಗಲಿ, ದಿವಾನರನ್ನು ಬದಲಿಸುವ ಅಧಿಕಾರವಾಗಲಿ ಅವರಿಗಿರಲಿಲ್ಲ. ಹೊನ್ನವಳ್ಳಿಯು ತಾಲ್ಲೂಕಿನ ಕೇಂದ್ರವಾಗಿದ್ದ ಆ ದಿನಗಳಲ್ಲಿ ಇಲ್ಲಿಯ ತೋಟದ ರೈತನೊಬ್ಬನಿಗೆ ಕಂದಾಯದ ವಿಷಯದಲ್ಲಿ ಅನ್ಯಾಯವಾದರೆ, ಶಾನುಭೋಗರಿಂದ ಅಮಲ್ದಾರರವರೆಗೆ ಕೈಮುಗಿದು ಹೋಗಬೇಕೇ ಹೊರತು, ಉತ್ತರವನ್ನು ಬಲವಂತಪಡಿಸುವ ದಾರಿಯಿರಲಿಲ್ಲ.

ಮುಂದೆ 1891ರಲ್ಲಿ ಸಭೆಗೆ ಚುನಾವಣೆ ಬಂದಿತು; 1907ರಲ್ಲಿ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. 1923ರ ಸುಧಾರಣೆಗಳಲ್ಲಿ, ಸ್ತ್ರೀಯೆಂಬ ಕಾರಣದಿಂದಲೇ ಮತಾಧಿಕಾರವನ್ನು ನಿರಾಕರಿಸುವ ನಿಯಮವು ತೊಲಗಿತು. ಆದರೆ ಆಸ್ತಿ ಮುಂತಾದ ಅರ್ಹತೆಗಳು ಉಳಿದುದರಿಂದ ಬಹುಮಂದಿ ಹೆಂಗಸರೂ ಬಡ ಗಂಡಸರೂ ಹೊರಗೆಯೇ ಉಳಿದರು. ಇಷ್ಟರಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬಂದಿತ್ತು, ವಿಶ್ವವಿದ್ಯಾನಿಲಯವು 1916ರಲ್ಲಿ ಬಂದಿತ್ತು, ಕನ್ನಂಬಾಡಿಯ ಅಣೆಕಟ್ಟು ಎದ್ದಿತ್ತು. ಮೈಸೂರು ‘ಮಾದರಿ ಸಂಸ್ಥಾನ’ವೆಂದು ಹೊಗಳಿಸಿಕೊಂಡಿತು, ಮತ್ತು ಆ ಹೊಗಳಿಕೆಯು ಬರಿಯ ಮುಖಸ್ತುತಿಯಾಗಿರಲಿಲ್ಲ.

ಆದರೂ 1938ನೆಯ ಏಪ್ರಿಲ್ ತಿಂಗಳಿನಲ್ಲಿ ಶಿವಪುರದಲ್ಲಿ ಜನರು ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನೆತ್ತಿದರು. ಅದೇ ತಿಂಗಳ 25ರಂದು ಗೌರೀಬಿದನೂರು ಸೀಮೆಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗೋಲೀಬಾರಾಗಿ ಹಲವರು ಪ್ರಾಣ ತೆತ್ತರು. ಅಣೆಕಟ್ಟು ಕಟ್ಟಿಸಿದ ಸರಕಾರವೇ ಧ್ವಜವೆತ್ತಿದವರ ಮೇಲೆ ಗುಂಡು ಹಾರಿಸಿತು. ಉಪಕಾರಕ್ಕೂ ಹಕ್ಕಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗವು ನಮ್ಮ ನಾಡಿನ ಚರಿತ್ರೆಯಲ್ಲಿ ವಿರಳ.

1947ನೆಯ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗಲೂ ಮೈಸೂರಿನ ಪ್ರಜೆಗಳಿಗೆ ಜವಾಬ್ದಾರಿ ಸರಕಾರವು ದೊರೆತಿರಲಿಲ್ಲ. ಸೆಪ್ಟೆಂಬರ್ ತಿಂಗಳಿನಲ್ಲಿ ‘ಮೈಸೂರು ಚಲೋ’ ಚಳವಳಿಯು ಆರಂಭವಾಯಿತು; ವಿದ್ಯಾರ್ಥಿಗಳೂ, ಕಾರ್ಮಿಕರೂ, ರೈತರೂ ಬೀದಿಗಿಳಿದರು; ಸೆರೆಮನೆಗಳು ತುಂಬಿದವು. ಮಹಾರಾಜರು ಒಪ್ಪಿ, ಅಕ್ಟೋಬರ್ 25ರಂದು ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಆರಂಭದಿಂದ ಅಂತ್ಯದವರೆಗೆ ಎರಡು ತಿಂಗಳೂ ಪೂರ್ತಿಯಾಗಲಿಲ್ಲ.

ಮೇಲಿನ ಬದಲಾವಣೆ ಇಷ್ಟು ಬೇಗ ನಡೆಯಿತು. ಕೆಳಗಿನದಕ್ಕೆ ಹಿಡಿದ ಕಾಲವನ್ನು ನೋಡಿರಿ. 1950ನೆಯ ಜನವರಿ 26ರಂದು ಸಂವಿಧಾನವು ಸಮಾನತೆಯನ್ನು ಸಾರಿತು. ಆದರೆ ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದುಮಾಡುವ ಶಾಸನವು 1961ರಲ್ಲಿ ಆಗಿ, 1963ರಲ್ಲಿ ಜಾರಿಗೆ ಬಂದಿತು. ಗೇಣಿದಾರನಿಗೆ ಉಳುವ ಭೂಮಿಯ ಒಡೆತನವನ್ನು ಕೊಡುವ ತಿದ್ದುಪಡಿಯು 1974ನೆಯ ಮಾರ್ಚ್ 1ರಂದು, ದೇವರಾಜ ಅರಸು ಅವರ ಆಡಳಿತದಲ್ಲಿ, ಜಾರಿಗೆ ಬಂದಿತು. ಜೀತಪದ್ಧತಿಯನ್ನು ನಿಷೇಧಿಸಿದ ಕೇಂದ್ರ ಶಾಸನವು 1976ರದು. ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟ ಪಂಚಾಯಿತಿ ಚುನಾವಣೆಗಳು ನಡೆದುದು 1987ರಲ್ಲಿ. ಅರಮನೆಯಿಂದ ವಿಧಾನಸೌಧಕ್ಕೆ ಅಧಿಕಾರವು ಎರಡು ತಿಂಗಳೊಳಗೆ ಹೋಯಿತು. ವಿಧಾನಸೌಧದಿಂದ ಹಳ್ಳಿಯ ಜಗಲಿಗೆ ಬರಲು ನಲವತ್ತು ವರ್ಷಗಳು ಬೇಕಾದವು.

2. ಪೂರ್ವ ಯೂರೋಪಿನ ದೃಷ್ಟಾಂತ

ಎರಡನೆಯ ಮಹಾಯುದ್ಧದ ತರುವಾಯ ಪೋಲೆಂಡ್, ಚೆಕೊಸ್ಲೊವಾಕಿಯ, ಪೂರ್ವ ಜರ್ಮನಿ ಮುಂತಾದ ದೇಶಗಳಲ್ಲಿ ಕಮ್ಯುನಿಸ್ಟ್ ಪಕ್ಷವೇ ಸರಕಾರವಾಯಿತು. ಅಲ್ಲಿಯೂ ಉಪಕಾರವು ಸ್ವಲ್ಪವಾಗಿರಲಿಲ್ಲ: ಎಲ್ಲರಿಗೂ ಶಾಲೆ, ಕೆಲಸ, ಚಿಕಿತ್ಸೆ, ಸ್ತ್ರೀಯರಿಗೆ ಕಾರ್ಖಾನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಉದ್ಯೋಗ, ಕೂಸುಗಳಿಗೆ ಶಿಶುವಿಹಾರ. ಆದರೆ ಸ್ವತಂತ್ರ ಪತ್ರಿಕೆಯಿಲ್ಲ, ಸ್ವತಂತ್ರ ಸಂಘವಿಲ್ಲ, ಬೇರೆ ಪಕ್ಷಕ್ಕೆ ನಿಜವಾದ ಮತವಿಲ್ಲ. 1948ನೆಯ ಡಿಸೆಂಬರ್ 10ರಂದು ಸಂಯುಕ್ತ ರಾಷ್ಟ್ರಸಂಘವು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದಾಗ, ಸೋವಿಯತ್ ಒಕ್ಕೂಟವೂ, ಪೋಲೆಂಡ್, ಚೆಕೊಸ್ಲೊವಾಕಿಯಗಳೂ ಮತ ಕೊಡದೆ ತಟಸ್ಥವಾಗಿದ್ದವು. ಆ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದರ್ಥವಾಗುವ ಪದವನ್ನು ತೆಗೆಸಿ ‘ಎಲ್ಲ ಮಾನವರು’ ಎಂದು ಬರೆಯಿಸಲು ಶ್ರಮಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹತಾ ಎಂಬ ಮಹಿಳೆಯೆಂಬುದನ್ನು ನಮ್ಮ ಹೆಣ್ಣುಮಕ್ಕಳು ನೆನಪಿನಲ್ಲಿಡತಕ್ಕದ್ದು.

1975ರಲ್ಲಿ ಹೆಲ್ಸಿಂಕಿ ನಗರದಲ್ಲಿ 35 ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮಾನವ ಹಕ್ಕುಗಳ ಗೌರವವೂ ಅದರಲ್ಲಿ ಸೇರಿತ್ತು. ಎರಡು ವರ್ಷಗಳಾದ ಮೇಲೆ ಚೆಕೊಸ್ಲೊವಾಕಿಯದ ಕೆಲವು ನಾಗರಿಕರು ‘ಚಾರ್ಟರ್ 77’ ಎಂಬ ಪತ್ರವನ್ನು ಹೊರಡಿಸಿ, “ನೀವೇ ಸಹಿ ಹಾಕಿದ್ದನ್ನು ನಡೆಸಿರಿ” ಎಂಬ ಅರ್ಥದ ಬೇಡಿಕೆಯನ್ನು ಮುಂದಿಟ್ಟರು. ಅವರಲ್ಲಿ ಒಬ್ಬನಾದ ನಾಟಕಕಾರ ವಾಕ್ಲಾವ್ ಹಾವೆಲನು ಸೆರೆಮನೆಯನ್ನು ಕಂಡು, 1989ನೆಯ ಡಿಸೆಂಬರಿನಲ್ಲಿ ಆ ದೇಶದ ಅಧ್ಯಕ್ಷನಾದನು.

ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಭಾರವೆತ್ತುವ ಯಂತ್ರವನ್ನು ನಡೆಸುತ್ತಿದ್ದ ಆನ್ನಾ ವಾಲೆಂಟಿನೋವಿಚ್ ಎಂಬಾಕೆಯನ್ನು, ನಿವೃತ್ತಿಗೆ ಕೆಲವೇ ತಿಂಗಳುಗಳಿರುವಾಗ, ಸ್ವತಂತ್ರ ಕಾರ್ಮಿಕ ಸಂಘದ ಕಾರಣದಿಂದ 1980ನೆಯ ಆಗಸ್ಟಿನಲ್ಲಿ ಕೆಲಸದಿಂದ ತೆಗೆದರು. ಆಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಜೊತೆಗಾರರು ಹೂಡಿದ ಮುಷ್ಕರದಿಂದಲೇ ‘ಸಾಲಿಡಾರಿಟಿ’ ಎಂಬ ಮಹಾಸಂಘವು ಹುಟ್ಟಿತು. 1981ರಲ್ಲಿ ಸೈನಿಕ ಆಡಳಿತವು ಅದನ್ನು ತುಳಿಯಿತು. ಆದರೂ 1989ನೆಯ ಜೂನ್ ತಿಂಗಳಿನ ಚುನಾವಣೆಯಲ್ಲಿ ಸೆನೆಟ್ಟಿನ 100 ಸ್ಥಾನಗಳಲ್ಲಿ 99ನ್ನು ಸಾಲಿಡಾರಿಟಿಯವರೇ ಗೆದ್ದರು. ಪೂರ್ವ ಜರ್ಮನಿಯ ಲೈಪ್ಜಿಗ್ ಪಟ್ಟಣದಲ್ಲಿ ಸಂತ ನಿಕೊಲಾಸರ ದೇವಾಲಯದ ಸೋಮವಾರದ ಪ್ರಾರ್ಥನೆಗೆ ಸೇರುತ್ತಿದ್ದವರ ಸುತ್ತ ಜನವು ಬೆಳೆದು, ಅಕ್ಟೋಬರ್ 9ರಂದು ಸುಮಾರು 70,000 ಮಂದಿ ದೀಪಗಳನ್ನು ಹಿಡಿದು ಶಾಂತಿಯಿಂದ ನಡೆದರು. ಗುಂಡು ಹಾರಲಿಲ್ಲ. ಒಂದು ತಿಂಗಳಿನಲ್ಲಿ ಬರ್ಲಿನ್ ಗೋಡೆಯು ತೆರೆಯಿತು.

ಅಲ್ಲಿಯೂ ಮೇಲಿನ ಬದಲಾವಣೆಯು ತಿಂಗಳುಗಳ ಕೆಲಸವಾಯಿತು, ಒಳಗಿನದು ಹಾಗಾಗಲಿಲ್ಲ. ಬೆಲೆಗಳು ಏರಿ, ಹಳೆಯ ಕಾರ್ಖಾನೆಗಳು ಮುಚ್ಚಿ, ಅನೇಕರು ಕೆಲಸ ಕಳೆದುಕೊಂಡರು. ಪೋಲೆಂಡಿಗೆ ಪೂರ್ಣವಾದ ಹೊಸ ಸಂವಿಧಾನವು ದೊರೆಯಲು 1997ರವರೆಗೆ ಕಾಯಬೇಕಾಯಿತು. ರಷ್ಯಾದಲ್ಲಿ ಗತಕಾಲದ ದಬ್ಬಾಳಿಕೆಗೆ ಬಲಿಯಾದವರ ಹೆಸರುಗಳನ್ನು ದಾಖಲಿಸಲು ಹುಟ್ಟಿದ್ದ ‘ಮೆಮೋರಿಯಲ್’ ಸಂಸ್ಥೆಯನ್ನು 2021ನೆಯ ಡಿಸೆಂಬರಿನಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವೇ ಮುಚ್ಚಿಸಿತು. ಬೆಲಾರೂಸಿನಲ್ಲಿ 1994ರಲ್ಲಿ ಆಯ್ಕೆಯಾದ ಅಧ್ಯಕ್ಷನೇ 2025ರಲ್ಲಿಯೂ ಮತ್ತೆ ಅಧಿಕಾರವನ್ನು ವಹಿಸಿಕೊಂಡನು. ಪಡೆದ ಹಕ್ಕು ಕಾಯದಿದ್ದರೆ ಕಳೆದುಹೋಗುತ್ತದೆ ಎಂಬುದಕ್ಕೆ ಇವು ಸಾಕ್ಷಿ.

3. ಹಕ್ಕು ನಿಲ್ಲುವ ಮೂರು ಆಧಾರಗಳು

ಈ ಎರಡು ದೃಷ್ಟಾಂತಗಳಿಂದ ಹಕ್ಕಿಗೆ ಮೂರು ಆಧಾರಗಳು ಬೇಕೆಂದು ತಿಳಿಯಬಹುದು.

ಮೊದಲನೆಯದು, ಅಧಿಕಾರಿಗೆ ಹೆದರದೆ ವಿಚಾರಿಸುವ ನ್ಯಾಯಸ್ಥಾನ. ಅದಿಲ್ಲದಿದ್ದರೆ ಬರೆದ ಹಕ್ಕು ಬರೆದಲ್ಲಿಯೇ ಉಳಿಯುವುದು.

ಎರಡನೆಯದು, ತೆರೆದ ಕಡತ. 1989ನೆಯ ಡಿಸೆಂಬರ್ 4ರಂದು ಪೂರ್ವ ಜರ್ಮನಿಯ ಎರ್ಫುರ್ಟ್ ಪಟ್ಟಣದಲ್ಲಿ, ಗುಪ್ತ ಪೊಲೀಸರು ಕಡತಗಳನ್ನು ನಾಶಪಡಿಸುತ್ತಿದ್ದಾರೆಂದು ಶಂಕಿಸಿ, ಸ್ತ್ರೀಯರೇ ಮುಂದಾಗಿ ಆ ಕಚೇರಿಯನ್ನು ಜನರ ವಶಕ್ಕೆ ತಂದರು. 1992ರಿಂದ ಅಲ್ಲಿಯ ಪ್ರಜೆಯು ತನ್ನ ಮೇಲೆ ಬರೆದಿಟ್ಟ ಕಡತವನ್ನು ತಾನೇ ಓದುವಂತಾಯಿತು. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಶಾಸನವು ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ಕಚೇರಿಗಳನ್ನು ಕಟ್ಟುಮಾಡಿದೆ. 1881ರ ಪ್ರತಿನಿಧಿಯು ಕೈಮುಗಿದು ಕೇಳಿದ್ದನ್ನು ಇಂದು ಹೊನ್ನವಳ್ಳಿಯ ಗೃಹಿಣಿಯೊಬ್ಬಳು ಒಂದು ಹಾಳೆಯ ಅರ್ಜಿಯಿಂದ ಕೇಳಬಲ್ಲಳು.

ಮೂರನೆಯದು, ಕೇಳುವ ಅಭ್ಯಾಸ. ಇದು ಶಾಸನದಿಂದ ಬರುವುದಿಲ್ಲ. ಉಂಡೆ ಕೊಬ್ಬರಿಯ ಕ್ರಮವು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನರಿಗೆ ಹೊಸದಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾದ ಮೇಲೆ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಡುವುದು. ಆತುರಪಟ್ಟು ಒಡೆದರೆ ಕೊಬ್ಬರಿಯಲ್ಲ, ಹಸಿ ಕಾಯಿಯೇ ಸಿಗುವುದು. ಪ್ರಜೆಯ ಮನಸ್ಸಿನೊಳಗಿನ ಭಯವು ಇಂಗುವುದೂ ಹಾಗೆಯೇ ನಿಧಾನ. ಆದರೆ ಕಾಯಿಯನ್ನು ಅಟ್ಟಕ್ಕೆ ಹಾಕುವ ಕೆಲಸವನ್ನು ಯಾರಾದರೂ ಮಾಡಲೇಬೇಕು.

4. ನಮ್ಮ ಮನೆಗಳಲ್ಲಿ

ದೂರದ ದೇಶಗಳ ಮಾತನ್ನಾಡಿ ಮನೆಯ ಮಾತನ್ನು ಬಿಡುವುದು ಸರಿಯಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ಕುಟುಂಬದ ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಮಗಳು ಮುಂತಾದವರಿಗೆ ಪಾಲನ್ನು ಗೊತ್ತುಪಡಿಸಿತು. 1994ರಲ್ಲಿ ಕರ್ನಾಟಕವೂ, 2005ರಲ್ಲಿ ಕೇಂದ್ರವೂ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟವು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ದೃಢಪಡಿಸಿತು. ಆದರೆ ತೆಂಗಿನ ತೋಟವು ಪಾಲಾಗುವ ದಿನ, ಮದುವೆಯಾಗಿ ಹೋದ ಮಗಳನ್ನು ಕರೆಯಿಸಿ, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಅಪರೂಪವೆ? ಆಕೆಯು ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಕೇಳಿದರೆ ತವರು ತಪ್ಪೀತೆಂಬ ಅಂಜಿಕೆಯಿಂದ ಬಿಟ್ಟರೆ, ಸೀರೆಯು ಉಪಕಾರ, ಕಳೆದುಹೋದದ್ದು ಹಕ್ಕು.

ಪಂಚಾಯಿತಿಯ ಮಾತೂ ಹೀಗೆಯೇ. 2010ರ ತಿದ್ದುಪಡಿಯಿಂದ ಕರ್ನಾಟಕದ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ಅರ್ಧದಷ್ಟು ಸ್ಥಾನಗಳು ಮೀಸಲಾದವು. ಕುರ್ಚಿಯ ಮೇಲೆ ಹೆಂಡತಿಯ ಹೆಸರು, ಮಾತಿನಲ್ಲಿ ಗಂಡನ ಧ್ವನಿ ಎಂಬಂತಾದರೆ, ಶಾಸನವು ಬಂದಿತು, ಹಕ್ಕು ಬರಲಿಲ್ಲ.

ಈ ಶಾಲೆಯ ಪೂರ್ವ ವಿದ್ಯಾರ್ಥಿನಿಯರೇ, ಓದು ಬರಹವು ನಿಮಗೆ ದೊರೆತದ್ದು ಯಾರ ಉಪಕಾರದಿಂದಲೇ ಆಗಿರಲಿ, ಅದನ್ನು ಇತರರ ಹಕ್ಕಾಗಿ ಮಾಡುವುದು ನಿಮ್ಮ ಕೈಯಲ್ಲಿದೆ. ಗ್ರಾಮಸಭೆಗೆ ಹೋಗಿರಿ, ಓದುಬಾರದ ನೆರೆಯವಳ ಪಹಣಿಯನ್ನು ಓದಿ ಹೇಳಿರಿ, ಸಹಿ ಹಾಕುವ ಮೊದಲು ಪತ್ರವನ್ನು ಪೂರ್ತಿಯಾಗಿ ಓದುವುದನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕಲಿಸಿರಿ. ತಾಯಿತಂದೆಗಳೇ, ಮನೆಯಲ್ಲಿ ಪ್ರಶ್ನೆ ಕೇಳಿದ ಮಗಳನ್ನು ಎದುರುತ್ತರದವಳೆಂದು ಗದರಿಸದಿರಿ. ಮನೆಯಲ್ಲಿ ಕೇಳಲು ಅಂಜಿದವಳು ಕಚೇರಿಯಲ್ಲಿ ಕೇಳಲಾರಳು.

ವಿಚಾರಕ್ಕೆ ಮೂರು ಪ್ರಶ್ನೆಗಳು

1. ನಿಮ್ಮ ಗ್ರಾಮಪಂಚಾಯಿತಿಯ ಹಿಂದಿನ ಗ್ರಾಮಸಭೆಯು ಯಾವಾಗ ನಡೆಯಿತು? ಅದರಲ್ಲಿ ಎಷ್ಟು ಮಂದಿ ಸ್ತ್ರೀಯರು ಮಾತನಾಡಿದರು?

2. ನಿಮ್ಮ ಕುಟುಂಬದ ತೋಟದ ಪಹಣಿಯಲ್ಲಿ ಯಾರ ಯಾರ ಹೆಸರುಗಳಿವೆ? ಇಲ್ಲದ ಹೆಸರುಗಳು ಯಾವುವು, ಏತಕ್ಕೆ?

3. ಸರಕಾರದಿಂದಾಗಲಿ ಮನೆಯಿಂದಾಗಲಿ ನಿಮಗೆ ದೊರೆತಿರುವವುಗಳಲ್ಲಿ ಯಾವುದು ಉಪಕಾರ, ಯಾವುದು ಹಕ್ಕು?